ಕುಕ್ಕರ್ ದೆವ್ವದ ಫೋಟೋ

ನಮ್ಮ ಸಿನಿಮಾದ ದೆವ್ವ ಅನ್ನದ ಕುಕ್ಕರಿನಲ್ಲಿ ವಾಸವಾಗಿತ್ತು. ನಗಬೇಡಿ. ಮುಚ್ಚಳ ತೆಗೆದವರು ಸಾಯುತ್ತಾರೆ, ಇಷ್ಟೇ ಕಥೆ. ಕೀಲುಂಗ್ ಬಂದರಿನ ಹಿಂದಿನ ಒಂದು ಪಾಳು ಮನೆಯಲ್ಲಿ ಹನ್ನೊಂದು ದಿನಕ್ಕೆ ಚಿತ್ರೀಕರಣ ಮುಗಿಸಿದ್ದೆವು. ಅದು ಹೇಗೋ ಓಡಿಬಿಟ್ಟಿತು. ಈಗ ಎರಡನೇ ಭಾಗ.

ಸಾಮಾನು ಹೊಂದಿಸುವವನು ನಾನು. ನಿರ್ದೇಶಕ ಕುವಾನ್-ಯು ಬೆಳಿಗ್ಗೆ ಫೋನ್ ಮಾಡಿದ.

“ಲುವೋ ಅಣ್ಣಾ, ಕುಕ್ಕರ್ ಇದೆ ತಾನೇ?”

“ಇದೆ. ನಮ್ಮನೇಲಿ ದಿನಾ ಅನ್ನ ಆಗ್ತಿರೋದು ಅದ್ರಲ್ಲೇ.”

“ಅಯ್ಯಪ್ಪಾ, ಧೈರ್ಯ ನಿಮ್ದು! ಗೋಡೆ ಮೇಲಿತ್ತಲ್ಲ, ಸತ್ತ ಹೆಂಗಸಿನ ಫೋಟೋ, ಅದನ್ನೂ ತನ್ನಿ. ಅದೇ ಮುಖ ಬೇಕು, ಜನಕ್ಕೆ ಗುರುತಿದೆ.”

ಆ ಹೆಂಗಸು ನನ್ನ ಹೆಂಡತಿ ಶು-ಜೆನ್ ಎಂದು ಅವನಿಗೆ ಗೊತ್ತಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಬದುಕಿರುವವರ ಫೋಟೋವನ್ನು ಸತ್ತವರದೆಂದು ಗೋಡೆಗೆ ಹಾಕಿದರೆ, ಅವತ್ತೇ ಅವರ ಕೈಗೆ ಕೆಂಪು ಲಕೋಟೆಯಲ್ಲಿ ಕಾಣಿಕೆ ಇಟ್ಟು ಕೇಡು ಕಳೆಯಬೇಕು. ಮೂವತ್ತು ವರ್ಷ ಯಾರ್ಯಾರಿಗೋ ಮರೆಯದೆ ಕೊಟ್ಟವನು ನಾನು. ಮೊದಲ ಭಾಗದ ಸಲ ಫೋಟೋಗೆಂದು ನಟಿಯನ್ನು ಕರೆಸುವಷ್ಟು ಬಜೆಟ್ ಇರಲಿಲ್ಲ. ಮನೆಯಿಂದ ಶು-ಜೆನ್‌ಳ ಫೋಟೋ ತಂದು, ಕಪ್ಪು ಚೌಕಟ್ಟು ಹಾಕಿಸಿ ತೂಗುಹಾಕಿದೆ. ಲಕೋಟೆ ಕೊಡಲಿಲ್ಲ. ನಮ್ಮವಳೇ ಎಂಬ ಸದರ. ಮುಗಿದ ಮೇಲೆ ಫೋಟೋ ಸುಡಬೇಕಿತ್ತು, ಸುಡಲು ಕೈ ಬರಲಿಲ್ಲ.

ನಾಲ್ಕು ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಅದು ವರ್ಷಗಳಿಂದ ಬೆಳೆಯುತ್ತಿತ್ತು ಎಂದರು ಡಾಕ್ಟರು. ನಾನೇ ತಂದಿಟ್ಟೆ ಎನ್ನುವ ಹುಳ ತಲೆ ಹೊಕ್ಕ ಮೇಲೆ ಡಾಕ್ಟರೇನು, ದೇವರೇ ಬಂದು ಹೇಳಿದರೂ ಕೇಳುವವರು ಯಾರು? ಒಂದು ವರ್ಷ ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹೇಡಿ ನಾನು.

ಅಂದು ಮಧ್ಯಾಹ್ನ ಅಂಗಡಿಗೆ ಹೋಗಿ ಲಕೋಟೆ ತಂದೆ. ಈಗಲಾದರೂ ಕೊಟ್ಟರೆ ಅವಳು ಉಳಿದಾಳು ಎಂಬ ಆಸೆ. ಶು-ಜೆನ್ ಉಣ್ಣೆಯ ಟೋಪಿ ಹಾಕಿಕೊಂಡು, ಗಂಜಿ ಕಲಕುತ್ತ, ಕುಡಿಯದೆ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ.

“ಗೊತ್ತು ಬಿಡೋ ಮುದ್ಕಾ,” ಎಂದಳು. “ಪಕ್ಕದ್ಮನೆ ಆ-ಕಿಮ್ ಜೊತೆ ಹೋಗಿ ಸಿನಿಮಾ ನೋಡ್ಕೊಂಡು ಬಂದೆ. ಗೋಡೆ ಮೇಲೆ ನನ್ನ ಕಂಡು ಅವ್ಳು ಕೈಲಿದ್ದ ಕಡ್ಲೆಬೀಜ ಎಲ್ಲಾ ಚೆಲ್ಬಿಟ್ಲು.”

“ಮತ್ಯಾಕೆ ಸುಮ್ನಿದ್ದೆ?”

“ನೀನು ಯಾವಾಗ ಬಾಯ್ಬಿಡ್ತೀಯ ನೋಡೋಣ ಅಂತ.”

ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದೆ. ಅವಳು ಮುಟ್ಟಲಿಲ್ಲ.

“ತಗೋ ಶು-ಜೆನ್. ನನ್ನಾಣೆ.”

“ತಗೊಂಡ್ರೆ ತಪ್ಪು ನಿಂದೇ ಅಂತ ನಾನೂ ಒಪ್ದಂಗೆ. ನಾನು ಹೋದ್ಮೇಲೆ ನೀನು ಅದನ್ನೇ ಹೊತ್ಕೊಂಡು ತಿರುಗ್ತೀಯ. ಬೇಡ.”

ನಾನು ಹೋದ ಮೇಲೆ. ಆ ಮಾತನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

“ಇನ್ನೊಂದು,” ಎಂದಳು. “ಆ ಫೋಟೋನ ನಿನ್ನ ಡೈರೆಕ್ಟರಿಗೆ ಕೊಡ್ಬೇಡ.”

“ಯಾಕೆ?”

“ಅದ್ರಲ್ಲಿ ನನ್ ಕೂದ್ಲು ಚೆನ್ನಾಗಿದೆ. ಚೌಕಟ್ಟೂ ಹಾಗೇ ಇರ್ಲಿ. ನಂಗೇ ಬೇಕಾಗತ್ತೆ.”

ಬಾಗಿಲಾಚೆ ಹೋಗಿ ಕುವಾನ್-ಯುಗೆ ಫೋನ್ ಮಾಡಿದೆ. ಫೋಟೋ ಎಲ್ಲೋ ಕಳೆದುಹೋಗಿದೆ, ಬೇರೆ ಯಾರದ್ದಾದರೂ ನೋಡಿಕೋ ಎಂದೆ.