ಜೇನಿಗೆ ಬಂದ ಹದ್ದು

ನಾವು ತೋಟ ಮುಟ್ಟುವ ಹೊತ್ತಿಗಾಗಲೇ ಆ ಹಕ್ಕಿ ಕರೆಂಟಿನ ಕಂಬದ ಮೇಲೆ ಕೂತಿತ್ತು. ಮೈ ಹದ್ದಿನಷ್ಟು ದೊಡ್ಡದು, ತಲೆ ಮಾತ್ರ ಪಾರಿವಾಳದ ತಲೆಯಂತೆ ಸಣ್ಣದು. ಬೇಟೆಗೆ ಕೂತ ಹದ್ದು ನೆಲ ನೋಡುತ್ತದೆ. ಇದು ನೆಲದ ಕಡೆ ತಿರುಗಲೇ ಇಲ್ಲ. ಕುತ್ತಿಗೆ ಚಾಚಿ ಬದುವಿನ ಮೇಲಿನ ಆಲದ ಮರವನ್ನೇ ನೋಡುತ್ತಿತ್ತು.

ನನ್ನ ಮೊಮ್ಮಗಳು ಭಾಗ್ಯಜ್ಯೋತಿ ಮುದ್ದೇಬಿಹಾಳದ ಕಾಲೇಜಿನಲ್ಲಿ ಕಲಿಸುತ್ತಾಳೆ. ಬೇಸಿಗೆ ಸೂಟಿಗೆ ಹೂವಿನ ಹಿಪ್ಪರಗಿಗೆ ನಮ್ಮ ಮನೆಗೆ ಬಂದರೆ ಮೊದಲು ಅಂಗಳದ ಹಕ್ಕಿಗಳ ಫೋಟೋ ಆಗುತ್ತದೆ. ಬೇವಿಗೆ ನಾನು ನೀರಿನ ಬೋಗುಣಿ ಕಟ್ಟಿರುತ್ತೇನೆ, ಗುಬ್ಬಿ, ಬೆಳವ, ಪಿಕಳಾರ ಬರುತ್ತವೆ. ಅವು ಬೇಸರವಾದ ಮೇಲೆ ನನ್ನನ್ನು ಎಬ್ಬಿಸಿಕೊಂಡು ಊರೂರು ಹೊರಡುತ್ತಾಳೆ. ಈ ಸಲ ಝಳಕಿ ಕಡೆ ಜೇನುಗಿಡುಗ ಕಂಡಿದೆ ಎಂದು ಯಾರೋ ಹೇಳಿದ್ದರು. ಅವಳ ಪುಸ್ತಕದಲ್ಲಿ ಅದಕ್ಕೆ ಆ ಹೆಸರು. ನಮ್ಮ ಕಡೆ ಬೇರೆ ಹೆಸರಿಲ್ಲ, ಹದ್ದು ಎಂದರೆ ಹದ್ದು. ಝಳಕಿಯ ಹತ್ತಿರ ನಮ್ಮ ಬೀಗರದೊಂದು ಲಿಂಬೆ ತೋಟವಿದೆ. ನಸುಕಿನ ಬಸ್ಸು ಹತ್ತಿ, ಸಿಂದಗಿ, ಇಂಡಿ ದಾಟಿ ಅಲ್ಲಿಗೇ ಹೋದೆವು.

ಹಕ್ಕಿ ಕಂಡದ್ದೇ ತಡ, ಅವಳ ಮುಖ ಅರಳಿತು. ಹೆಗಲ ಚೀಲ ಇಳಿಸಿ, ಕ್ಯಾಮೆರಾಕ್ಕೆ ಉದ್ದನೆಯ ಕೊಳವೆ ತೊಡಿಸಿ, ಒಂದು ಲಿಂಬೆ ಗಿಡದ ಬುಡದಲ್ಲಿ ಬೋರಲು ಮಲಗಿದಳು. ನಾನು ಹಕ್ಕಿ ನೋಡುತ್ತಿದ್ದ ಕಡೆ ನೋಡಿದೆ. ಆಲದ ದೊಡ್ಡ ಟೊಂಗೆಗೆ ಹೆಜ್ಜೇನಿನ ಹುಟ್ಟುಗಳು ತೂಗುಬಿದ್ದಿದ್ದವು. ಒಂದಂತೂ ಮೊರದಷ್ಟು ಅಗಲ. ಗಾಳಿಯಿಲ್ಲದಿದ್ದರೂ ಅದರ ಮೈ ಮೇಲಿಂದ ಕೆಳಕ್ಕೆ ಆಗಾಗ ಅಲೆಯಂತೆ ಜುಮ್ಮೆನ್ನುತ್ತಿತ್ತು. ಹುಳಗಳಿಗೂ ಹಕ್ಕಿಯ ಸುಳಿವು ಸಿಕ್ಕಿತ್ತು. ಅದರ ನೇರ ಕೆಳಗಿನ ಟೊಂಗೆಗೆ ಹಸಿರು ಸೀರೆಯ ಜೋಲಿ ಕಟ್ಟಿದ್ದರು. ಜೋಲಿಯ ಹೊಟ್ಟೆ ತುಂಬಿತ್ತು.

ಲಿಂಬೆ ಆರಿಸಲು ಬಂದ ಹೆಂಗಸರು ಸಾಲಿನಲ್ಲಿ ಬಾಗಿದ್ದರು. ಜೋಲಿಯಲ್ಲಿದ್ದ ಕೂಸು ಜಯಮಾಲಾ ಎಂಬ ಹುಡುಗಿಯದು. ಅವಳ ಅತ್ತೆ ಹನಮವ್ವನೇ ಆ ಗುಂಪಿಗೆ ಹಿರಿಯಳು. ಜೋಲಿ ಅಲ್ಲೇಕೆ ಕಟ್ಟಿದಿರಿ ಎಂದು ಕೇಳಿದೆ. ತನ್ನ ಮಕ್ಕಳನ್ನೆಲ್ಲ ಇದೇ ಟೊಂಗೆಗೆ ತೂಗಿದ್ದೇನೆ ಎಂದಳು. ಜೇನು ದೇವರಿದ್ದಂತೆ, ಮುಟ್ಟಿದವರಿಗಷ್ಟೇ ಮುನಿಯುತ್ತದೆ, ಅದರ ಕೆಳಗೆ ಬೀಡಿ ಹಚ್ಚುವವರಿಲ್ಲ, ದನಿ ಎತ್ತಿ ಜಗಳಾಡುವವರಿಲ್ಲ, ಕೂಸಿಗೆ ಅದಕ್ಕಿಂತ ಒಳ್ಳೆ ಜಾಗ ಯಾವುದು ಎಂದು ನನ್ನನ್ನೇ ಕೇಳಿದಳು. ಅವಳು ಹೇಳಿದ್ದು ಸುಳ್ಳಲ್ಲ. ಹದ್ದು ಬಾರದಿದ್ದರೆ ಅದೇ ಒಳ್ಳೆಯ ಜಾಗ.

ನಾನು ಹರೆಯದವನಿದ್ದಾಗ ಸಿಂದಗಿ ಹತ್ತಿರ ಇಂಥದೇ ಹಕ್ಕಿ ಹುಣಸೆ ಮರದ ಹುಟ್ಟಿಗೆ ಕಾಲಿಂದ ಒದೆಯುವುದನ್ನು ಕಂಡಿದ್ದೇನೆ. ಹಕ್ಕಿಗೆ ಏನೂ ಆಗಲಿಲ್ಲ, ಅದರ ಗರಿ ದಪ್ಪ. ತುಂಡು ಕಚ್ಚಿಕೊಂಡು ಹೋಯಿತು. ಹುಳಗಳು ಕೆಳಗೆ ಕಟ್ಟಿದ್ದ ಎತ್ತುಗಳಿಗೆ ಮುತ್ತಿದವು. ಹಗ್ಗ ಬಿಚ್ಚಲು ಯಾರಿಗೂ ಹತ್ತಿರ ಹೋಗಲಾಗಲಿಲ್ಲ. ಅವುಗಳ ಒದರಾಟ ನಿಲ್ಲುವ ತನಕ ಎತ್ತುಗಳ ಯಜಮಾನ ದೂರ ನಿಂತು ನೋಡಬೇಕಾಯಿತು.

ಕಂಬದ ಮೇಲಿದ್ದ ಹಕ್ಕಿ ಎದ್ದು ಮರದ ಸುತ್ತ ಒಂದು ಸುತ್ತು ಹಾಕಿ ಮತ್ತೆ ಬಂದು ಕೂತಿತು. ಆಗ ನಾನು ಸುಮ್ಮನಿರಲಾರದೆ ಹೇಳಿದೆ.

"ಜೋಲಿ ಬಿಚ್ಚವ್ವ ಹನಮವ್ವ. ಆ ಹಕ್ಕಿ ಜೇನ ಬಡಿಯಾಕ ಕುಂತೈತಿ. ಬಡೀತಂದ್ರ ಹುಳ ಎಲ್ಲಾ ಕೆಳಗ ಬೀಳ್ತಾವ. ಕೂಸು ಉಳಿಯಂಗಿಲ್ಲ."

ಬಾಗಿದ ಬೆನ್ನುಗಳೆಲ್ಲ ನೆಟ್ಟಗಾದವು. ಹನಮವ್ವನ ಮುಖ ಕಪ್ಪಿಟ್ಟಿತು.

"ಏನ ಮಾತ ಆಡ್ತೀರಿ ಕಾಕಾ? ಹಾಲ ಕುಡಿಯೋ ಕೂಸಿನ ಮ್ಯಾಲ ಆಡೋ ಮಾತೇನ್ರಿ ಇದು? ಮೊದಲ ಬಿಡ್ತು ಅನ್ರಿ."

ಕೆಟ್ಟ ಮಾತು ಬಾಯಿಂದ ಜಾರಿದರೆ ಬಿಡ್ತು ಅನ್ನುವುದು ನಮ್ಮಲ್ಲಿ ರೂಢಿ. ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ಅವಳ ಕೈ ನೋಡಿದೆ. ಆ ಕೈ ಆಗಲೇ ಲಿಂಬೆಯ ಬುಟ್ಟಿ ಹಿಡಿದಿತ್ತು. ನಾನು ಬಿಡ್ತು ಅಂದರೆ ಅವಳ ಪಾಲಿಗೆ ಆಡಿದ ಮಾತು ಅಲ್ಲಿಗೇ ಹೋಯಿತು. ಅವಳು ಹೊರಳಿ ಲಿಂಬೆ ಆರಿಸುತ್ತಾಳೆ, ಜೋಲಿ ಅಲ್ಲೇ ಉಳಿಯುತ್ತದೆ. ನಾನು ಬಾಯಿ ಮುಚ್ಚಿಕೊಂಡು ಬದುವಿನ ಮೇಲೆ ಕೂತೆ.

ಅವಳು ಮತ್ತೆ ಕೇಳಿದಳು. ಉಳಿದವರೂ ಕೇಳಿದರು. ಮುದುಕನಿಗೆ ಬಿಸಿಲು ತಲೆಗೇರಿದೆ, ಒಂದಿಷ್ಟು ಮಜ್ಜಿಗೆ ಕೊಡ್ರಿ ಎಂದು ಒಬ್ಬಳು ನಕ್ಕಳು. ಕರಿನಾಲಗಿಯವರಿಗೆ ಮಜ್ಜಿಗಿ ಕೊಟ್ರೂ ಅದು ಒಡೀತೈತಿ ಬಿಡು ಎಂದಳು ಇನ್ನೊಬ್ಬಳು. ಗದ್ದಲಕ್ಕೆ ಭಾಗ್ಯಜ್ಯೋತಿ ಎದ್ದು ಬಂದಳು. ಬೀಗರ ತೋಟದಲ್ಲಿ ಇದೇನು ಎಂದು ಅವಳಿಗೆ ನಾಚಿಕೆ. ನನ್ನ ಕಿವಿಯ ಹತ್ತಿರ ಬಾಗಿ, "ಒಂದ ಮಾತ ಅಂದ ಬಿಡ ಮುತ್ಯಾ, ನಿನ್ನ ಗಂಟೇನ ಹೋಗ್ತೈತಿ," ಎಂದಳು. ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಅವಳ ಕಣ್ಣು ಮತ್ತೆ ಕಂಬದ ಕಡೆ ಹೋಯಿತು. ಅಲ್ಲಿ ಈಗ ಹಕ್ಕಿ ಇರಲಿಲ್ಲ.

ಆಕಾಶದಲ್ಲಿ ಎಲ್ಲೂ ಕಾಣಲಿಲ್ಲ. ಮರದಲ್ಲಿದ್ದ ಕಾಗೆಗಳು ಸದ್ದು ನಿಲ್ಲಿಸಿದ್ದವು. ಜುಮ್ಮೆನ್ನುತ್ತಿದ್ದ ಹುಟ್ಟು ಗಟ್ಟಿಯಾಗಿ, ಕರ್ರಗೆ, ಅಲುಗದೆ ನಿಂತಿತ್ತು.

ಹನಮವ್ವ ಬುಟ್ಟಿ ಕುಕ್ಕಿದಳು. ಹಕ್ಕಿಗೆ ಅವಳು ಹೆದರಲಿಲ್ಲ, ಹೆದರಿದ್ದು ನನ್ನ ಮಾತಿಗೆ. ಹಿಂತೆಗೆದುಕೊಳ್ಳದ ಮಾತಿನ ಕೆಳಗೆ ಕೂಸನ್ನು ಬಿಡಲು ಅವಳಿಗೆ ಧೈರ್ಯ ಸಾಲಲಿಲ್ಲ. ನನ್ನ ವಂಶವನ್ನೆಲ್ಲ ಎತ್ತಾಡುತ್ತ ದಡದಡ ನಡೆದು, ನಿದ್ದೆಗಣ್ಣಿನ ಕೂಸನ್ನು ಜೋಲಿಯಿಂದ ಎತ್ತಿಕೊಂಡಳು. ನನ್ನ ದೃಷ್ಟಿ ತಾಗದಷ್ಟು ದೂರ, ಬಾವಿಯ ಹತ್ತಿರದ ಮೋಟರಿನ ಕೋಣೆಗೆ ಒಯ್ದಳು. ತಗಡಿನ ಆ ಕೋಣೆ ಒಲೆಯಂತೆ ಕಾದಿರುತ್ತದೆ. ಕೂಸು ಚೀರಿತು. ಜಯಮಾಲಾ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ, ಕೂಸಿನ ಬಟ್ಟೆ ತರಲು ಜೋಲಿಯ ಕಡೆ ಹೋದಳು.

ಬ್ಯಾಡವ್ವ ಅನ್ನುವಷ್ಟರಲ್ಲಿ ಹಕ್ಕಿ ಮರದ ಹಿಂಬದಿಯಿಂದ ಬಂತು.

ಸದ್ದೇ ಆಗಲಿಲ್ಲ. ರೆಕ್ಕೆ ಮಡಚಿ ನುಗ್ಗಿ, ಕಾಲು ಮುಂದೆ ಮಾಡಿ ಹುಟ್ಟಿಗೆ ಒದ್ದು, ಬಿಳಿಯ ತುಂಡೊಂದನ್ನು ಕಿತ್ತುಕೊಂಡು ಆಚೆ ಹೊಲದ ಮೇಲೆ ಹಾರಿಹೋಯಿತು. ಆಮೇಲೆ ಮರವೇ ಹರಿದುಬಿದ್ದಂತೆ ಸದ್ದು. ಹೆಂಗಸರು ಬುಟ್ಟಿ ಚೆಲ್ಲಿ ಓಡಿದರು. ಭಾಗ್ಯಜ್ಯೋತಿ ವೇಲು ಹೊದ್ದು ಲಿಂಬೆಯ ಮುಳ್ಳಿನೊಳಗೆ ತೂರಿಕೊಂಡಳು. ನಾನು ದೋತರದ ಚುಂಗು ತಲೆಗೆ ಎಳೆದುಕೊಂಡು ಕೂತಲ್ಲೇ ಕೂತೆ. ಓಡುವವರ ಬೆನ್ನಿಗೆ ಅವು ಬೀಳುತ್ತವೆ. ಬಟ್ಟೆಯ ಸಂದಿಯಿಂದ ಜೋಲಿ ಕಾಣುತ್ತಿತ್ತು. ಹಸಿರು ಸೀರೆ ಕಪ್ಪಾಗಿತ್ತು. ಕೂಸಿಲ್ಲದ ಜೋಲಿ ಹುಳಗಳ ಭಾರಕ್ಕೆ ತೂಗುತ್ತಿತ್ತು.

ಜಯಮಾಲಾ ಬಾವಿಯ ಕಡೆ ಓಡುತ್ತ ಎರಡು ಸಲ ಬಿದ್ದಳು. ಹನಮವ್ವ ಕೋಣೆಯ ಬಾಗಿಲು ತೆರೆದು, ಅವಳನ್ನು ರಟ್ಟೆ ಹಿಡಿದು ಒಳಗೆಳೆದು, ಬಾಗಿಲು ಮುಚ್ಚಿದಳು.

ಹುಳಗಳು ಮರಕ್ಕೆ ಮರಳಿದ ಮೇಲೆ ಯಾರೋ ಫೋನು ಮಾಡಿ ಟಂಟಂ ರಿಕ್ಷಾ ತರಿಸಿದರು. ಹೆಚ್ಚು ಕಚ್ಚಿಸಿಕೊಂಡವರನ್ನು ಇಂಡಿಯ ದವಾಖಾನೆಗೆ ಒಯ್ಯಬೇಕಿತ್ತು. ಕೂಸಿಗೆ ಒಂದು ಹುಳವೂ ಮುಟ್ಟಿರಲಿಲ್ಲ. ಹನಮವ್ವ ನನ್ನ ಮುಂದೆಯೇ ಅದನ್ನು ಎತ್ತಿಕೊಂಡು ಹೋದಳು, ಅದರ ಮುಖ ನನಗೆ ಕಾಣದಂತೆ ಸೆರಗು ಮುಚ್ಚಿಕೊಂಡು. ಈ ಮುದುಕ ಮಾತು ಹಿಂದಕ್ಕೆ ತೆಗೆದುಕೊಂಡಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಎಂದು ಟಂಟಂ ಹುಡುಗನಿಗೆ ಹೇಳುತ್ತಿದ್ದಳು. ಉಳಿದವರು ಹೌದೆಂದರು. ಭಾಗ್ಯಜ್ಯೋತಿ ಏನೋ ಹೇಳಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ.

ಜಯಮಾಲಾ ಕೊನೆಗೆ ಹತ್ತಲು ಬಂದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ತುಟಿ ಬಾತಿತ್ತು. ಅವಳು ಆಲದ ಕಡೆ ನೋಡುತ್ತಿದ್ದಳು. ಹುಟ್ಟು ಅರ್ಧ ಹಾಗೇ ಉಳಿದಿತ್ತು. ದೂರದ ಕಂಬದ ಮೇಲೆ ಹಕ್ಕಿ ಬಂದು ಕೂತಿತ್ತು, ಕೊಕ್ಕು ಒರೆಸಿಕೊಳ್ಳುತ್ತಿತ್ತು.

"ಮತ್ತ ಬರ್ತೈತೇನ್ರಿ ಮುತ್ಯಾ ಅದು?"

ಪೂರ್ತಿ ಮುಗಿಯುವ ತನಕ ಬರುತ್ತದೆ ಎಂದೆ. ಕೂಸನ್ನು ಇಲ್ಲಿಗೆ ತರಬೇಡ, ಮನೆಯಲ್ಲಿ ಬಿಟ್ಟು ಬಾ ಎಂದೆ.

ಅವಳು ತೋಟ ನೋಡಿದಳು. ಅರ್ಧ ಸಾಲು ಇನ್ನೂ ಹಣ್ಣು ಹೊತ್ತು ನಿಂತಿತ್ತು. ಆಚೆ ಕಣ್ಣು ಮುಟ್ಟುವವರೆಗೆ ಬರೀ ಉತ್ತ ಹೊಲ, ಬಿಸಿಲು.

"ಮನ್ಯಾಗ ಯಾರದಾರ್ರಿ? ಎಲ್ಲಾರೂ ಇಲ್ಲೇ ಅದೇವಲ್ಲ," ಎಂದು ಟಂಟಂ ಹತ್ತಿದಳು.