ನೆಟ್ ಬಿಟ್ಟು ಕೂತವರು

ಆ ಆಫೀಸಿನಲ್ಲಿ ಯಾರಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದರೆ, ಅವರಿಗೆ ಬೇರೆ ಕಡೆ ಇಂಟರ್‌ವ್ಯೂ ಇದೆ ಅಂತ ಗೋಡೆಗೂ ಗೊತ್ತಾಗುತ್ತಿತ್ತು. ಅದಕ್ಕೇ ಪುಟ್ಟಕ್ಕ ತನ್ನ ಅಂಗಿಯನ್ನು ಮಡಚಿ ಊಟದ ಡಬ್ಬಿಯ ಕೆಳಗೆ ಬಚ್ಚಿಟ್ಟು ತಂದಿದ್ದಳು. ಇಸ್ತ್ರಿ ಮಾಡಿಕೊಟ್ಟವಳು ಅತ್ತಿಗೆ.

“ಅಂಗಿ ಉತ್ತರ ಹೇಳಲ್ಲ ಕಣೇ, ನೀನು ಬಾಯಿ ಬಿಡು,” ಅಂತ ಬಾಗಿಲ ತನಕ ಬಂದು ಹೇಳಿದ್ದಳು.

ಬಾಯಿ ಬಿಡುವುದೇ ಪುಟ್ಟಕ್ಕನಿಗೆ ಕಷ್ಟ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹುಡುಕಿ ಹುಡುಕಿ, ಈಗ ಕನ್ನಡಿ ಮುಂದೆ ನಿಂತರೂ ತಪ್ಪೇ ಕಾಣುತ್ತಿತ್ತು. ಸಂಜೆ ಕ್ಲಾಸಿನಲ್ಲಿ ಓದಿದವಳನ್ನು ಯಾರೂ ಮೂಸಿ ನೋಡದಿದ್ದಾಗ ಕರೆದು ಕೆಲಸ ಕೊಟ್ಟವರು ಇಲ್ಲಿನ ಮ್ಯಾನೇಜರ್. ಏನು ಕೇಳಿದರೂ ಬೋರ್ಡಿನ ಮೇಲೆ ಬರೆದೇ ಹೇಳುತ್ತಿದ್ದರಿಂದ ಎಲ್ಲರಿಗೂ ಅವರು ಮೇಷ್ಟ್ರು. ಕಂಪನಿ ನೆಲ ಕಚ್ಚುತ್ತಿತ್ತು, ನಿಜ. ಕಾಫಿ ಮಷೀನ್ ಹೋಯಿತು, ಅರ್ಧ ಕುರ್ಚಿ ಖಾಲಿ, ಇಂಟರ್ನೆಟ್ಟೂ ಅಗ್ಗದ್ದು. ಹಾಗಂತ ಅವರನ್ನು ಕೈಬಿಟ್ಟು ಹೋಗುವುದೇ? ಬೆಳಿಗ್ಗೆಯಿಂದ ಅವಳು ಮೇಷ್ಟ್ರ ಮುಖ ನೋಡಿರಲಿಲ್ಲ.

ಊಟವಾದ ಮೇಲೆ ಹಳೇ ಕಂಪ್ಯೂಟರ್ ಪೇರಿಸಿಟ್ಟ ಕೋಣೆಗೆ ನುಸುಳಿ, ಅಂಗಿ ಬದಲಿಸಿ, ಲ್ಯಾಪ್‌ಟಾಪ್ ತೆರೆದಳು. ಪರದೆಯ ಮೇಲೆ ಹೊಸ ಕಂಪನಿಯ ಮೇಡಂ ನಕ್ಕರು. ನಕ್ಕ ಬಾಯಿ ಹಾಗೇ ನಿಂತುಬಿಟ್ಟಿತು.

“ನಿಮ್ಮ ದನಿ ತುಂಡುತುಂಡಾಗಿ ಬರ್ತಿದೆ. ಇನ್ನೊಂದು ದಿನ ನೋಡೋಣವಾ?”

ಆ ಇನ್ನೊಂದು ದಿನ ಬರುವುದಿಲ್ಲ ಅಂತ ಪುಟ್ಟಕ್ಕನಿಗೆ ಗೊತ್ತಿತ್ತು. “ಒಂದೇ ನಿಮಿಷ ಮೇಡಂ,” ಅಂದಳು.

“ಯಾರಪ್ಪಾ ಅದು, ನೆಟ್ಟೆಲ್ಲಾ ನುಂಗ್ತಿರೋದು?” ಹೊರಗಿನಿಂದ ಪ್ರೋಗ್ರಾಮರ್ ಗೊಣಗಣ್ಣನ ಕೂಗು. ಆಮೇಲೆ ಮೇಷ್ಟ್ರ ಮೆಲುದನಿ. ಕುರ್ಚಿಗಳು ಸರಿದ ಸದ್ದು. ಅಷ್ಟರಲ್ಲಿ ಪರದೆಯಲ್ಲಿ ಮೇಡಂ ಮುಖ ಸ್ಪಷ್ಟವಾಯಿತು.

“ನಿಮಗೆ ಸಿಕ್ಕ ದೊಡ್ಡ ತಪ್ಪು ಯಾವುದು?”

ಆಸ್ಪತ್ರೆಯ ಟೋಕನ್ ಆ್ಯಪಿನಲ್ಲಿ ಒಂದೇ ನಂಬರ್ ಇಬ್ಬರಿಗೆ ಹೋಗುತ್ತಿದ್ದುದನ್ನು ಹಿಡಿದ ಕಥೆಯನ್ನು ಪುಟ್ಟಕ್ಕ ಕೈ ಆಡಿಸಿ ಹೇಳಿದಳು.

“ಆ ಪ್ರೋಗ್ರಾಂ ಬರೆದವರು ಸಿಟ್ಟಾಗಲಿಲ್ವಾ?”

“ಪಕ್ಕದಲ್ಲಿ ಕೂತು ತೋರಿಸಿದೆ, ಮೇಡಂ. ನಮ್ಮ ಮೇಷ್ಟ್ರು ಹಾಗೇ ಕಲಿಸಿದ್ದು.”

“ನನಗಂತೂ ನೀವು ಬೇಕು,” ಅಂದರು ಮೇಡಂ. “ಮೇಲಿನವರಿಗೂ ಅದನ್ನೇ ಹೇಳ್ತೀನಿ.”

ಇಸ್ತ್ರಿ ಅಂಗಿ ಬದಲಿಸುವುದನ್ನೂ ಮರೆತು ಹೊರಗೆ ಬಂದರೆ, ಯಾರ ಕಂಪ್ಯೂಟರಿನಲ್ಲೂ ನೆಟ್ ವೈರ್ ಇಲ್ಲ. ಗೊಣಗಣ್ಣ ಕಿತ್ತಳೆ ಸುಲಿಯುತ್ತಿದ್ದ. ಲೆಕ್ಕ ನೋಡುವ ಹೆಂಗಸು ಬ್ಯಾಗಿನ ಜಿಪ್ ರಿಪೇರಿ ಮಾಡುತ್ತಿದ್ದಳು. ಮೇಷ್ಟ್ರು ಖಾಲಿ ಬೋರ್ಡನ್ನೇ ಒರೆಸುತ್ತಿದ್ದರು.

“ನೆಟ್ ಹೋಯ್ತಾ?”

“ಹೋಗೋದೆಲ್ಲಿ, ನಿನ್ನ ದನಿ ಕೇಳಿ ಮೇಷ್ಟ್ರೇ ಎಲ್ಲರ ವೈರ್ ಕೀಳಿಸಿದ್ರು. ನಾಳೆ ಇಂಟರ್‌ವ್ಯೂಗೆ ನನ್ನ ಸರದಿ, ನೆನಪಿರಲಿ!” ಅಂತ ಗೊಣಗಣ್ಣ ಒಂದು ತೊಳೆ ಅವಳ ಕೈಗಿಟ್ಟ.

“ಹೇಗಾಯ್ತಮ್ಮಾ?” ಮೇಷ್ಟ್ರು ಕೇಳಿದರು.

“ಸಿಗಬಹುದು ಸಾರ್. ನಿಮಗೆ... ಬೇಜಾರಿಲ್ವಾ?”

“ಇದೆ. ಹಾಗಂತ ನಿನ್ನನ್ನೂ ಹಿಡ್ಕೊಂಡು ಮುಳುಗಲಾ?”

ಅವಳ ಕಣ್ಣು ತುಂಬಿತು. “ನಿಮ್ಮ ಸರದಿ ಯಾವಾಗ ಸಾರ್?”

“ನನ್ನ ಬಯೋಡೇಟಾಗೆ ಗೆದ್ದಲು ಹಿಡಿದಿರುತ್ತೆ. ಯಾರು ನೋಡ್ತಾರಮ್ಮಾ ಅದನ್ನ?”

ಖಾಲಿ ಕುರ್ಚಿಗೇನು ಬರ? ಒಂದನ್ನು ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. “ನಾನು ನೋಡ್ತೀನಿ, ತೆಗೀರಿ.”

ಮೇಷ್ಟ್ರು ತಡಕಾಡಿ ತೆಗೆದರು. ಪುಟ್ಟಕ್ಕ ಮೇಲಿಂದ ಕೆಳಗಿನವರೆಗೆ ಓದಿದಳು, ಮತ್ತೆ ಓದಿದಳು.

“ತಪ್ಪಿದೆ ಸಾರ್.”

“ಎಲ್ಲಿ?”

“ಕಲಿಸ್ತೀರಿ ಅನ್ನೋದನ್ನೇ ಬರೆದಿಲ್ಲ.”