ಕಾಶಿರಾಯನ ಸಾವಿನ ಡಂಗುರ

“ಬಾಯಿ ತೆರಿಯಲೇ ಮಾದಿಗ ಸೂಳಿಮಗನ! ನಿಮ್ಮಪ್ಪ ತಿಂದಾನ, ನಿಮ್ಮ ಮುತ್ಯಾ ತಿಂದಾನ, ನಿನಗಷ್ಟೇ ಹೊಲಸಾತೇನು?”

ಊರ ಕಾವಲಿನ ವಾಲೀಕಾರ ದೌಲಪ್ಪ ನನ್ನ ಮಾವ, ಅಕ್ಕನ ಗಂಡ ಕಾಶಿರಾಯನ ದವಡೆ ಅದುಮಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಸತ್ತ ಎತ್ತಿನ ತೊಡೆಯಿಂದ ಕೊಯ್ದ ಹಸಿ ತುಂಡು. ಎತ್ತು ಸತ್ತು ಎರಡು ದಿನವಾಗಿತ್ತು, ಗೌಡನ ಕೊಟ್ಟಿಗೆಯ ಹಿಂದೆ ಉಬ್ಬಿ ಬಿದ್ದಿತ್ತು. ಕಮಲಾಪುರದಲ್ಲಿ ಯಾರ ದನ ಸತ್ತರೂ ಎಳೆದೊಯ್ಯಬೇಕಾದವರು ನಾವು. ಸುಲಿಯುವವರು ನಾವು, ತಿನ್ನುವವರೂ ನಾವೇ. ಯೇಸುವಿನ ಮಾರ್ಗಕ್ಕೆ ಸೇರಿದ ಮೇಲೆ ಕಾಶಿರಾಯ ಸತ್ತದ್ದನ್ನು ಮುಟ್ಟುವುದಿಲ್ಲ ಅಂದಿದ್ದ. ಅಷ್ಟೇ ಅವನ ತಪ್ಪು.

ತುಂಡು ಬಾಯಿಗೆ ಹೋಯಿತು. ಮಾವ ಉಗಿದ. ಅದು ಹೋಗಿ ಗೌಡನ ಜರಿ ಅಂಚಿನ ಧೋತರದ ಮೇಲೆ ಬಿತ್ತು.

ಗೌಡ ದೇವೀಂದ್ರಪ್ಪ ಎದ್ದು ನಿಂತ. ಕೂಗಾಡಲಿಲ್ಲ. ಧೋತರ ಕೊಡವಿಕೊಂಡು ನನ್ನ ಕಡೆ ತಿರುಗಿದ. ನಾನು ಮಾವನನ್ನು ಬಿಡಿಸಿಕೊಂಡು ಹೋಗಲು ಬಂದವನು, ಬೇಲಿಯ ಹತ್ತಿರವೇ ನಿಂತುಬಿಟ್ಟಿದ್ದೆ.

“ಸಾಯಬಣ್ಣ, ನೀನೂ ಇವನ ಕೂಡ ಪಾದ್ರಿ ಕೈಲೆ ನೀರು ಹಾಕಿಸ್ಕೊಂಡೀದಿ ಅಂತಲ್ಲ?”

“ಇಲ್ರಿ ಯಪ್ಪಾ.”

“ಖರೇ ಹೇಳು.”

“ನಿಮ್ಮ ಪಾದದಾಣಿ, ನನಗ ಆ ದೇವರ ಗೊತ್ತೇ ಇಲ್ರಿ. ಬೇಕಾದ್ರ ನೋಡ್ರಿ.”

ರುಮಾಲು ಬಿಚ್ಚಿ ಜುಟ್ಟು ತೋರಿಸಿದೆ. ನೀರು ಹಾಕಿಸಿಕೊಂಡ ಗಂಡಸಿನ ಜುಟ್ಟನ್ನು ಪಾದ್ರಿ ಎಲ್ಲರೆದುರು ಕತ್ತರಿಸುತ್ತಿದ್ದ. ಮಾವ ಅವತ್ತೇ ತಲೆ ಕೊಟ್ಟಿದ್ದ. ನಾನು ನೀರು ಹಾಕಿಸಿಕೊಂಡರೂ ಜುಟ್ಟು ಕೊಡದೆ, “ರಾಶಿ ಮುಗೀಲ್ರಿ ಅಯ್ಯಾವ್ರೇ” ಎಂದು ದಿನ ದೂಡಿದ್ದೆ. ಜುಟ್ಟಿಲ್ಲದವನಿಗೆ ಗೌಡ ಕಣದಲ್ಲಿ ಕಾಳು ಹಾಕುವುದಿಲ್ಲ ಎಂಬ ಹೆದರಿಕೆ. ತಲೆಯ ಮೇಲಿನ ನೀರು ಯೇಸುವಿಗೆ, ಜುಟ್ಟು ಗೌಡನಿಗೆ. ಎರಡೂ ಕಡೆ ಸಲ್ಲುವ ಜಾಣ ನಾನು, ಥೂ!

“ಹಂಗಾರ ಅವನ ಕಾಲು ಹಿಡಿ,” ಅಂದ ಗೌಡ.

ಹಿಡಿದೆ. ಎರಡೂ ಪಾದ ಎದೆಗೆ ಅವುಚಿ ಹಿಡಿದೆ. ದೌಲಪ್ಪ ಬಡಿಗೆಯಿಂದ ಮೊದಲು ಪಕ್ಕೆಗೆ, ಆಮೇಲೆ ಹೊಟ್ಟೆಗೆ ಹೊಡೆದ. ಪ್ರತಿ ಏಟಿಗೂ ಆ ಪಾದಗಳು ನನ್ನ ಕೈಯಲ್ಲಿ ಒದ್ದಾಡಿದವು. ನಾನು ಬಿಡಲಿಲ್ಲ. ಗೌಡನಿಗೆ ಅದು ಸಾಲದೆ ಬಡಿಗೆ ಕಸಿದುಕೊಂಡು ತಾನೇ ಹೊಡೆದ. ಒಳಗೆ ಏನೋ ಮುರಿದ ಸದ್ದು ನನಗೂ ಕೇಳಿಸಿತು.

ಬಂಡಿ ಯಾರೂ ಕೊಡಲಿಲ್ಲ. ಹೊರಸಿನ ಮೇಲೆ ಮಲಗಿಸಿ, ಕೇರಿಯ ನಾಲ್ಕು ಜನ ಹೊತ್ತು ಕಲಬುರಗಿಯ ದಾರಿ ಹಿಡಿದೆವು. ಅಕ್ಕ ದುಂಡಮ್ಮ ಪಕ್ಕದಲ್ಲೇ ನಡೆಯುತ್ತ ಗಂಡನ ಬಾಯಿಂದ ಬರುವ ರಕ್ತವನ್ನು ಸೆರಗಿನಿಂದ ಒರೆಸುತ್ತಿದ್ದಳು. ಹೊಡೆದವರು ಯಾರೆಂದು ಅವಳಿಗೆ ಹೇಳಿದ್ದೆ. ಕಾಲು ಹಿಡಿದವನು ಯಾರೆಂದು ಹೇಳಿರಲಿಲ್ಲ.

“ನನ್ನ ತಮ್ಮ ಇದ್ದಾನಂತ ಇಷ್ಟರ ಜೀವ ಉಳಿದಾದ,” ಅನ್ನುತ್ತಿದ್ದಳು. ಆ ಮಾತು ಕೇಳುವುದಕ್ಕಿಂತ ಹೊರಸಿನ ಮೇಲೆ ನಾನೇ ಮಲಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಾದ್ರಿ ದವಾಖಾನೆಯ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ನೋವಿಗೆ ಔಷಧ ಕುಡಿಸಿದರು. ಅಕ್ಕ ನೀರು ತರಲು ಹೋದಾಗ ನಾನು ಮಾವನ ತಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತೆ.

“ಮಾವ, ನಾ...”

“ಪೇತ್ರನ ಕತಿ ಹೇಳಿದ್ನಲ್ಲ ನಿನಗ?” ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. “ಯೇಸುಗ ಹಿಡ್ಕೊಂಡು ಹೋದ್ರು. ಅಂಗಳದಾಗ ಬೆಂಕಿ ಕಾಸ್ಕೋತ ಕುಂತಿದ್ದ ಪೇತ್ರಗ, ನೀ ಅವನ ಪೈಕಿ ಏನು ಅಂತ ಒಬ್ಬಾಕಿ ಆಳು ಹೆಣ್ಣಮಗಳು ಕೇಳಿದ್ಳು. ಅವನ ಗುರ್ತೇ ಇಲ್ಲ ಅಂದ ಪೇತ್ರ. ಮೂರು ಸಲ ಅಂದ.”

“ಪೇತ್ರ ಕಾಲು ಹಿಡಿದಿದ್ದಿಲ್ಲ, ಮಾವ.”

ಅವನು ಕಣ್ಣು ಹೊರಳಿಸಿ ನನ್ನ ಕೈ ನೋಡಿದ.

“ಹೌದು. ಹಿಡಿದಿದ್ದಿಲ್ಲ. ನಿನ್ನ ಕೈ ಭಾಳ ಗಟ್ಟಿ ಅವ, ಸಾಯಬಣ್ಣ.” ಆ ಮಾತಿನಲ್ಲಿ ಸಿಟ್ಟಿತ್ತು. ಇರಬೇಕಾದ್ದೇ. ಆಮೇಲೆ ದನಿ ತಗ್ಗಿಸಿದ. “ಯೇಸು ಎದ್ದು ಬಂದ ಮ್ಯಾಲ ಪೇತ್ರಗ ಬೈಲಿಲ್ಲ. ನೀರಿನ ದಂಡಿ ಮ್ಯಾಲ ಮೀನ ಸುಟ್ಟು ಉಣಿಸಿದ. ನನ್ನ ಮ್ಯಾಲ ಪ್ರೀತಿ ಅದ ಏನು ಅಂತ ಕೇಳಿದ. ಅದ ಅಂದ ಪೇತ್ರ. ಹಂಗಾರ ನನ್ನ ಕುರಿ ನೋಡ್ಕೋ ಅಂದ. ಕೆಲಸ ಹಚ್ಚಿದ, ತಿಳೀತಾ?”

“ನನಗ ಏನ್ ಕೆಲಸ ಹಚ್ಚತಿ ಮಾವ?”

ಅವನು ಬಾಯಿ ತೆರೆದ, ರಕ್ತ ಬಂತು. ಬಾಗಿಲಲ್ಲಿ ತಂಬಿಗೆ ಬಿದ್ದ ಸದ್ದಾಯಿತು. ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು.

ಮೊದಲು ಗಂಡನ ಕಣ್ಣು ಮುಚ್ಚಿದಳು. ಆಮೇಲೆ ಬಂದು ನನ್ನ ಕಪಾಳಕ್ಕೆ ಹೊಡೆದಳು. ಕೈ ಸೋಲುವವರೆಗೂ ಹೊಡೆದಳು. “ಈ ಹೆಣಕ್ಕ ನೀ ಹೆಗಲ ಕೊಟ್ರ ಆ ಹೆಗಲ ಕಡದು ನಾಯಿಗಿ ಹಾಕ್ತೀನಿ, ಹಾಟ್ಯಾ!”

ಕಲಬುರಗಿಯಲ್ಲೇ ಮಣ್ಣು ಮಾಡಿದರು. ನಾನು ಗೋಡೆಯ ಆಚೆ ನಿಂತು ನೋಡಿದೆ. ಎಲ್ಲರೂ ಹೋದ ಮೇಲೆ ತೊಗಲು ಕೊಯ್ಯುವ ರಂಪಿಗೆಯಿಂದ ಜುಟ್ಟು ಕೊಯ್ದುಕೊಂಡೆ. ನೆತ್ತಿಯ ಚರ್ಮವೂ ಬಂತು. ಆದರೆ ಯಾರೂ ನೋಡದಾಗ ಕೊಯ್ದುಕೊಂಡರೆ ಯಾರಿಗೆ ಏನು ಬಂತು? ಮತ್ತೆ ರುಮಾಲು ಸುತ್ತಿಕೊಂಡು ಊರಿಗೆ ಬಂದೆ.

ಪಾದ್ರಿ ಅರ್ಜಿ ಕೊಟ್ಟಿದ್ದರಿಂದ ನಿಜಾಮ ಸರ್ಕಾರದ ಪೊಲೀಸ್ ಅಮೀನ ಖಮರುದ್ದೀನ್ ಸಂತೆಯ ದಿನ ಕಮಲಾಪುರಕ್ಕೆ ತನಿಖೆಗೆ ಬರುವವನಿದ್ದ. ಗೌಡ ನನ್ನನ್ನು ಕರೆಸಿದ. ಊರಿನ ಡಂಗುರ ಸಾರುವ ಚಾಕರಿಯೂ ನಮ್ಮದೇ. ಹಲಗೆ ಬಡಿದು ಸಾರಿದ ಮೇಲೆ ಅದು ಊರಿನ ಮಾತು, ಯಾರೂ ಇಲ್ಲ ಅನ್ನುವಂತಿಲ್ಲ.

“ಕಾಶಿರಾಯಗ ಹೋರಿ ಕೋಡಿಲೆ ಹಾದು ಸತ್ತ ಅಂತ ಸಾರು. ಅಮೀನ ಸಾಬಗ ಕೇಳಬೇಕು ನೋಡು. ಕೇರ್ಯಾಗ ಇನ್ನ ಯೇಸುನ ಮಂದಿ ಯಾರೂ ಉಳಿದಿಲ್ಲ ಅಂತನೂ ಸಾರು. ತಪ್ಪಿದ್ರ ಮುಂದಿನ ಹೊರಸು ನಿಂದು.”

“ಆಗಲಿ ಯಪ್ಪಾ,” ಅಂದೆ.

ಅಮೀನ ಚಾವಡಿ ಕಟ್ಟೆಯ ಮೇಲೆ ಕುಳಿತು ನಮ್ಮೂರಿನ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ. ಅವನಿಗೆ ಕನ್ನಡ ಬಾರದು. ನಮ್ಮ ಮಾತನ್ನು ತಿಳಿಸಿ ಹೇಳಲು ಕುಲಕರ್ಣಿ ಪಕ್ಕದಲ್ಲಿದ್ದ, ಆಚೆ ಬದಿಗೆ ಗೌಡ ಕುಳಿತಿದ್ದ. ಸಂತೆಯ ಜನದ ಅಂಚಿಗೆ ಕೇರಿಯವರು ನಿಂತಿದ್ದರು. ಅಕ್ಕನೂ ಇದ್ದಳು.

ಹಲಗೆ ಬಡಿದೆ.

“ಕೇಳ್ರಪ್ಪೋ ಕೇಳ್ರಿ! ಕಾಶಿರಾಯಗ ಯಾವ ಹೋರಿನೂ ಹಾದಿಲ್ಲ! ಗೌಡ ದೇವೀಂದ್ರಪ್ಪ ಬಡದು ಕೊಂದಾನ! ವಾಲೀಕಾರ ದೌಲಪ್ಪ ಬಡದು ಕೊಂದಾನ!”

“ಕ್ಯಾ ಬೋಲ್ತಾ?” ಅಂದ ಅಮೀನ.

“ಬೈಲ್ ಮಾರ್ಯಾ ಬೋಲ್ತಾ ಸಾಬ್,” ಅಂದ ಕುಲಕರ್ಣಿ. ಹೋರಿಯೇ ಕೊಂದಿತು ಅಂತಿದ್ದೇನಂತೆ ನಾನು!

ಅಷ್ಟರಲ್ಲಿ ದೌಲಪ್ಪನ ಬಡಿಗೆ ನನ್ನ ಬಲ ಮುಂಗೈ ಮೇಲೆ ಬಿತ್ತು. ಎಲುಬು ಲಟ್ಟೆಂದಿತು. ಹಲಗೆಯ ಕೋಲು ಮಣ್ಣಿಗೆ ಬಿತ್ತು. ಎಡಗೈಯಿಂದ ಎತ್ತಿಕೊಂಡೆ. ಸಂತೆಯಲ್ಲಿ ತೊಗಲು ಮಾರುತ್ತ ಕಲಿತ ತುರುಕ ಮಾತು ನನಗೂ ಬರುತ್ತಿತ್ತು.

“ನೈ ಸಾಬ್! ಬೈಲ್ ನೈ ಮಾರ್ಯಾ! ಗೌಡ ಮಾರ್ಯಾ!”

ಬಾಳೆಹಣ್ಣು ಹಿಡಿದ ಅಮೀನನ ಕೈ ಅಲ್ಲೇ ನಿಂತಿತು. ಗೌಡ ಕಟ್ಟೆಯಿಂದ ಧುಮುಕಿದ. ಒಂದು ಮಾತು ಇನ್ನೂ ಉಳಿದಿತ್ತು. ಈಗ ನುಂಗಿದರೆ ಸಾಯುವವರೆಗೂ ಅದು ನನ್ನ ಬಾಯಿಂದ ಬರುತ್ತಿರಲಿಲ್ಲ. ಅಕ್ಕನ ಕಡೆ ತಿರುಗಿ ಕೂಗಿದೆ.

“ಕಾಲು ಹಿಡಿದಾಂವ ನಾ! ನಾನೂ ಯೇಸುನ ಮನಷ್ಯಾನೇ, ಗೊತ್ತಿಲ್ಲ ಅಂತ ಸುಳ್ಳ ಹೇಳಿ ಹಿಡಿದೀನಿ! ಪಾಂವ್ ಮೈ ಪಕಡ್ಯಾ ಸಾಬ್, ನನ್ನ ಹೆಸರೂ ಬರಕೊಳ್ರಿ!”

ಬೆನ್ನಿಗೆ ಒದೆ ಬಿತ್ತು. ಮೊಣಕಾಲೂರಿ ಬಿದ್ದೆ. ಹಲಗೆಯನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ಮತ್ತೆ ಮೊದಲಿನಿಂದ ಸಾರತೊಡಗಿದೆ. ಅಕ್ಕ ಜನರನ್ನು ನೂಕಿಕೊಂಡು ಬರುತ್ತಿದ್ದಳು. ಅವಳ ಕೈಯಲ್ಲಿ ದಪ್ಪನೆಯ ಕಲ್ಲಿತ್ತು. ಅದು ಗೌಡನಿಗೋ ನನಗೋ ತಿಳಿಯಲಿಲ್ಲ. ನಾನು ಹಲಗೆ ಬಡಿಯುವುದನ್ನು ನಿಲ್ಲಿಸಲಿಲ್ಲ.